ಕ್ರೆಡಿಟ್ ಯೂನಿಯನ್‌ಗೆ ಕೊಟ್ಟ ನಮ್ಮ ವಿವರ ಯಾರ ಯಾರ ಕೈಗೆ ಹೋಗುತ್ತದೆ?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಕಳೆದ ತಿಂಗಳು ಕಾರು ಕೊಂಡಾಗ ಡೀಲರ್ ಮೂಲಕ ಒಂದು ಕ್ರೆಡಿಟ್ ಯೂನಿಯನ್‌ನಲ್ಲಿ (ಸದಸ್ಯರೇ ಮಾಲೀಕರಾಗಿರುವ, ಬ್ಯಾಂಕಿನಂಥ ಸಹಕಾರಿ ಸಂಸ್ಥೆ) ಸಾಲ ಆಯಿತು. 5 ಡಾಲರ್ ಕಟ್ಟಿಸಿಕೊಂಡು ನಮ್ಮನ್ನು ಸದಸ್ಯರನ್ನಾಗಿ ಮಾಡಿಕೊಂಡರು. ಸೋಶಿಯಲ್ ಸೆಕ್ಯೂರಿಟಿ ನಂಬರ್ (ಇಲ್ಲಿನ ಸರ್ಕಾರಿ ಗುರುತಿನ ಸಂಖ್ಯೆ), ಪಾಸ್‌ಪೋರ್ಟ್, ಪೇ ಸ್ಲಿಪ್ ಎಲ್ಲ ಕೊಟ್ಟಿದ್ದೇವೆ. ಆಮೇಲೆ ‘ನಿಮ್ಮ ವೈಯಕ್ತಿಕ ಮಾಹಿತಿಯನ್ನು ನಾವು ಏನು ಮಾಡುತ್ತೇವೆ’ ಅಂತ ಎರಡು ಪುಟದ ಕಾಗದ ಬಂತು. ಅದೇ ವಾರ ಯಾವುದೋ ಇನ್ಶೂರೆನ್ಸ್ ಕಂಪನಿಯ ಪತ್ರವೂ ಬಂತು. ಹುಬ್ಬಳ್ಳಿಯಲ್ಲಿರುವ ನಮ್ಮ ಮಾವ ಹಿಂದೆ ಪತ್ತಿನ ಸಂಘದ ನಿರ್ದೇಶಕರಾಗಿದ್ದವರು. ‘ಸಂಘ ಅಂದಮೇಲೆ ಯಾರ ಸಾಲ ಎಷ್ಟು ಅಂತ ಎಲ್ಲರಿಗೂ ಗೊತ್ತಾಗುತ್ತೆ, ಹುಷಾರು’ ಅಂತಾರೆ. ಇಲ್ಲಿಯೂ ಹಾಗೇನಾ? ಇನ್ನೆರಡು ವರ್ಷಕ್ಕೆ ಊರಿಗೆ ವಾಪಸ್ ಹೋಗುವ ಯೋಚನೆ ಇದೆ. ಖಾತೆ ಮುಚ್ಚಿದರೆ ನಮ್ಮ ವಿವರ ಅಳಿಸಿಬಿಡುತ್ತಾರಾ?

ಉತ್ತರ: ಆ ಎರಡು ಪುಟದ ಕಾಗದವನ್ನು ಕಸಕ್ಕೆ ಹಾಕದೆ ಓದಿದ್ದೀರಲ್ಲ, ಅದು ನನಗೆ ತುಂಬಾ ಸಂತೋಷ. ನಾನು ಅಮೆರಿಕದ ಕ್ರೆಡಿಟ್ ಯೂನಿಯನ್‌ಗಳಲ್ಲಿ ಮೊದಲು ಕೌಂಟರಿನಲ್ಲಿ, ಆಮೇಲೆ ಕಾನೂನು ಪಾಲನೆ ನೋಡಿಕೊಳ್ಳುವ ವಿಭಾಗದಲ್ಲಿ ಕೆಲಸ ಮಾಡಿದವನು. ಅದೇ ಕಾಗದವನ್ನು ಸಾವಿರಾರು ಸದಸ್ಯರಿಗೆ ಕಳಿಸಿದ್ದೇನೆ. ಓದಿ ಫೋನ್ ಮಾಡಿದವರನ್ನು ಬೆರಳಲ್ಲಿ ಎಣಿಸಬಹುದು.

ಮೊದಲು ನಿಮ್ಮ ಮಾವನ ಮಾತಿಗೆ ಬರುತ್ತೇನೆ. ಅವರು ಸುಮ್ನೆ ಹೆದರಿಸುತ್ತಿಲ್ಲ. ಸಹಕಾರಿ ಸಾಲ ಅನ್ನುವುದು ಹುಟ್ಟಿದ್ದೇ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿದೆ ಎಂಬ ನಂಬಿಕೆಯ ಮೇಲೆ. 1904ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಅಂಥ ಊರಲ್ಲಿ ಸಾಲ ಕೇಳಲು ಬಂದವನ ಹೊಲ ಎಷ್ಟು, ಹೋದ ವರ್ಷ ಬೆಳೆ ಕೈಗೆ ಬಂತೋ ಇಲ್ಲವೋ, ಮನೆಯಲ್ಲಿ ಮದುವೆ ಇದೆಯೋ ಅನ್ನುವುದೆಲ್ಲ ಸಾಲ ಕೊಡುವವರಿಗೆ ಮೊದಲೇ ಗೊತ್ತು. ಆ ತಿಳಿವಳಿಕೆಯೇ ಜಾಮೀನು. ಅಮೆರಿಕದ ಕ್ರೆಡಿಟ್ ಯೂನಿಯನ್ನಿಗೂ ಇದಕ್ಕೂ ನಿಜವಾದ ನಂಟಿದೆ. ಬಾಸ್ಟನ್ನಿನ ವ್ಯಾಪಾರಿ ಎಡ್ವರ್ಡ್ ಫಿಲೀನ್ 1907ರಲ್ಲಿ ಭಾರತಕ್ಕೆ ಬಂದಿದ್ದರು. ಬಂಗಾಳದ ಹಳ್ಳಿಗಳಲ್ಲಿ ಇಂಥ ಸಂಘಗಳನ್ನು ನೋಡಿ ಮನಸೋತರು. ಊರಿಗೆ ಮರಳಿದ ಮೇಲೆ ಅದೇ ಕೆಲಸಕ್ಕೆ ನಿಂತರು. 1909ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಕ್ರೆಡಿಟ್ ಯೂನಿಯನ್ ಕಾನೂನು ಬಂತು, 1934ರಲ್ಲಿ ಇಡೀ ದೇಶಕ್ಕೆ. ಮಾವನ ಸಂಘ, ನಿಮ್ಮ ಕ್ರೆಡಿಟ್ ಯೂನಿಯನ್, ಎರಡೂ ಒಂದೇ ಬಳ್ಳಿಯವು.

ಹಾಗಾಗಿ ಇಲ್ಲಿಯೂ ಆಡಳಿತ ಮಂಡಳಿಯಲ್ಲಿ ಕೂರುವವರು ನಿಮ್ಮಂಥ ಸದಸ್ಯರೇ. ಹೆಚ್ಚಿನ ಕಡೆ ಸಂಬಳವಿಲ್ಲದೆ ಕೆಲಸ ಮಾಡುತ್ತಾರೆ. ಅವರಲ್ಲೊಬ್ಬರು ನಿಮ್ಮ ಬೀದಿಯವರೋ ನಿಮ್ಮ ಆಫೀಸಿನವರೋ ಆಗಿರಬಹುದು. ಆದರೆ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ಪರವಾನಗಿ ಪಡೆದ, ಕ್ರೆಡಿಟ್ ಯೂನಿಯನ್‌ಗಳ ಬೈಲಾದಲ್ಲೇ ಒಂದು ಮಾತು ಬರೆದಿದೆ: ನಿರ್ದೇಶಕರು, ಸಮಿತಿಯವರು, ನೌಕರರು, ಎಲ್ಲರೂ ಸದಸ್ಯರ ವ್ಯವಹಾರವನ್ನೂ ಅವರ ಸ್ವಂತ ವಿಷಯಗಳನ್ನೂ ಗುಟ್ಟಾಗಿ ಇಡಬೇಕು, ಕಾನೂನು ಒಪ್ಪಿದ ಕಡೆ ಬಿಟ್ಟು. ಮಂಡಳಿಯ ಸಭೆಗೆ ಹೋಗುವ ಕಾಗದಗಳಲ್ಲಿ ‘ಎಷ್ಟು ಕಾರ್ ಸಾಲ ಬಾಕಿ ಇದೆ’ ಅಂತ ಮೊತ್ತ ಇರುತ್ತದೆ. ಯಾರದ್ದು ಅನ್ನುವ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ನಿಮಗೆ ಒಂದು ವೋಟು ಇದೆ, ಇನ್ನೊಬ್ಬ ಸದಸ್ಯರಿಗೂ ಒಂದೇ ವೋಟು. ಆದರೆ ಆ ವೋಟಿನಿಂದ ನಿಮ್ಮ ಖಾತೆ ನೋಡುವ ಹಕ್ಕು ಅವರಿಗೆ ಬರುವುದಿಲ್ಲ.

ಕೌಂಟರಿನ ಹಿಂದೆ ಹೇಗಿರುತ್ತದೆ ಅಂತಲೂ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಮ್ಯಾನೇಜರ್ ಕಲಿಸಿದ್ದು ದುಡ್ಡು ಎಣಿಸುವುದನ್ನಲ್ಲ. ಸ್ಕ್ರೀನನ್ನು ಸದಸ್ಯರ ಕಡೆಗೆ ತಿರುಗದ ಹಾಗೆ ಇಡುವುದನ್ನು, ಎದ್ದು ನೀರು ಕುಡಿಯಲು ಹೋದರೂ ಕಂಪ್ಯೂಟರ್ ಲಾಕ್ ಮಾಡುವುದನ್ನು, ಸದಸ್ಯರ ಹೆಸರಿರುವ ಚೀಟಿಯನ್ನು ಎಂದೂ ಮಾಮೂಲಿ ಕಸದ ಬುಟ್ಟಿಗೆ ಹಾಕದಿರುವುದನ್ನು. ಅದಕ್ಕೆಂದೇ ಬೀಗ ಹಾಕಿದ ಡಬ್ಬ ಇತ್ತು. ಮೇಲೆ ಅಂಚೆ ಡಬ್ಬಿಯ ಹಾಗೆ ಒಂದು ಸೀಳು. ಹಾಕಿದ ಕಾಗದ ಮತ್ತೆ ಕೈಗೆ ಬರುತ್ತಿರಲಿಲ್ಲ, ಚೂರು ಮಾಡುವ ಗಾಡಿ ಬಂದು ಒಯ್ಯುತ್ತಿತ್ತು.

ಇಷ್ಟಾದರೂ ತಪ್ಪು ನಡೆದದ್ದು ನೋಡಿದ್ದೇನೆ. ಒಂದು ಕಡೆ ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ತಮ್ಮನಿಗೆ ಗೊತ್ತುಮಾಡುತ್ತಿದ್ದ ಹುಡುಗಿಯ ಖಾತೆ ತೆಗೆದು ನೋಡಿದರು. ಒಂದು ಡಾಲರ್ ಮುಟ್ಟಲಿಲ್ಲ, ಸುಮ್ನೆ ಕುತೂಹಲ. ಆದರೆ ಯಾರು ಯಾವ ಖಾತೆಯನ್ನು ಎಷ್ಟು ಗಂಟೆಗೆ ತೆಗೆದರು ಅನ್ನುವುದು ಕಂಪ್ಯೂಟರಿನಲ್ಲಿ ದಾಖಲಾಗುತ್ತದೆ. ಆ ದಿನ ಆ ಹುಡುಗಿ ಕೌಂಟರಿಗೂ ಬಂದಿರಲಿಲ್ಲ, ಫೋನೂ ಮಾಡಿರಲಿಲ್ಲ. ಮತ್ತೆ ಖಾತೆ ಯಾಕೆ ತೆರೆದಿರಿ ಅಂತ ಕೇಳಿದಾಗ ಉತ್ತರ ಇರಲಿಲ್ಲ. ಕೆಲಸ ಹೋಯಿತು. ನಿಮಗೂ ಎಂದಾದರೂ ಅಂಥ ಅನುಮಾನ ಬಂದರೆ ಬರವಣಿಗೆಯಲ್ಲಿ ದೂರು ಕೊಟ್ಟು, ನನ್ನ ಖಾತೆಯನ್ನು ಯಾರು ತೆಗೆದಿದ್ದಾರೆ ಎಂದು ಪರಿಶೀಲಿಸಿ ಅಂತ ಕೇಳಿ. ಆ ಪಟ್ಟಿಯನ್ನು ನಿಮ್ಮ ಕೈಗೆ ಕೊಡದಿರಬಹುದು, ಆದರೆ ಒಳಗೆ ತೆಗೆದು ನೋಡುತ್ತಾರೆ.

ಈಗ ಆ ಕಾಗದ ಮುಂದೆ ಇಟ್ಟುಕೊಳ್ಳಿ. 1999ರ ಗ್ರಾಮ್-ಲೀಚ್-ಬ್ಲೈಲಿ ಕಾಯ್ದೆಯಿಂದ ಬಂದ ಕಾಗದ ಅದು. ಮೊದಲು ಒಬ್ಬೊಬ್ಬರು ಒಂದೊಂದು ಥರ, ವಕೀಲರ ಭಾಷೆಯಲ್ಲಿ ಬರೆಯುತ್ತಿದ್ದರು. 2009ರಲ್ಲಿ ಸರ್ಕಾರವೇ ಒಂದು ಮಾದರಿ ನಮೂನೆ ಕೊಟ್ಟಿತು. ಅದರ ಮೊದಲ ಪುಟದಲ್ಲಿ ಮೂರು ಕಾಲಂಗಳ ಕೋಷ್ಟಕ ಇದೆ ಅಲ್ವಾ? ಎಡಗಡೆ ಯಾವ ಕಾರಣಕ್ಕೆ ಮಾಹಿತಿ ಹಂಚಬಹುದು ಅಂತ. ನಡುವೆ ಈ ಸಂಸ್ಥೆ ಹಂಚುತ್ತದೋ ಇಲ್ಲವೋ ಅಂತ. ಬಲಗಡೆ ಅದನ್ನು ನೀವು ತಡೆಯಬಹುದೋ ಇಲ್ಲವೋ ಅಂತ. ಸಾಮಾನ್ಯವಾಗಿ ಏಳು ಸಾಲು ಇರುತ್ತವೆ. ಉಳಿದ ಅಕ್ಷರವನ್ನೆಲ್ಲ ಬಿಟ್ಟರೂ ಪರವಾಗಿಲ್ಲ, ಈ ಏಳು ಸಾಲು ಬಿಡಬೇಡಿ.

ಮೊದಲ ಸಾಲು ದಿನನಿತ್ಯದ ವ್ಯವಹಾರಕ್ಕೆ. ನಿಮ್ಮ ಚೆಕ್ ಪಾಸು ಮಾಡಲು, ಕೋರ್ಟಿನ ಆದೇಶಕ್ಕೆ ಉತ್ತರ ಕೊಡಲು, ಜನರ ಸಾಲದ ಚರಿತ್ರೆ ಇಡುವ ಕ್ರೆಡಿಟ್ ಬ್ಯೂರೋಗೆ ನಿಮ್ಮ ಕಂತಿನ ಲೆಕ್ಕ ಕಳಿಸಲು. ಇಲ್ಲಿ ಹಂಚುತ್ತಾರೆ, ತಡೆಯಲು ಆಗುವುದಿಲ್ಲ. ಎಲ್ಲ ಕಡೆಯೂ ಹೀಗೇ, ಚಿಂತೆ ಬೇಡ. ಎರಡನೆಯದು ಅವರದೇ ಪ್ರಚಾರಕ್ಕೆ. ಮೂರನೆಯದನ್ನು ನಿಧಾನವಾಗಿ ಓದಿ. ಬೇರೆ ಹಣಕಾಸು ಕಂಪನಿಗಳ ಜೊತೆ ಸೇರಿ ಮಾಡುವ ಜಂಟಿ ಪ್ರಚಾರ ಅದು. ಕ್ರೆಡಿಟ್ ಯೂನಿಯನ್ನೂ ಒಂದು ಇನ್ಶೂರೆನ್ಸ್ ಕಂಪನಿಯೂ ಒಪ್ಪಂದ ಮಾಡಿಕೊಂಡಿದ್ದರೆ ನಿಮ್ಮ ಹೆಸರು, ವಿಳಾಸ ಅಲ್ಲಿಗೆ ಹೋಗಬಹುದು. ಈ ಸಾಲನ್ನು ತಡೆಯುವ ಹಕ್ಕನ್ನು ಫೆಡರಲ್ ಕಾನೂನು ಕೊಟ್ಟಿಲ್ಲ. ಅದು ಕೊಡಬೇಕಿತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೂ ಫೋನ್ ಮಾಡಿ ಕೇಳಿ. ಫೆಡರಲ್ ಕಾನೂನು ಹೇಳದಿದ್ದರೂ ಕೆಲವು ಕ್ರೆಡಿಟ್ ಯೂನಿಯನ್‌ಗಳು ಸದಸ್ಯರ ಮಾತಿಗೆ ಬೆಲೆ ಕೊಟ್ಟು ಹೆಸರು ತೆಗೆಯುತ್ತವೆ.

ಮುಂದಿನ ಮೂರು ಸಾಲು ಅವರದೇ ಒಡೆತನದ ಅಂಗಸಂಸ್ಥೆಗಳ ಬಗ್ಗೆ. ನೀವು ಸಾಲ ತೀರಿಸುವ ಯೋಗ್ಯತೆಯ ವಿವರವನ್ನು ಅಂಗಸಂಸ್ಥೆಗೆ ಕೊಡುವುದನ್ನು ತಡೆಯಬಹುದು, ಅಂಗಸಂಸ್ಥೆ ನಿಮಗೆ ಪ್ರಚಾರ ಮಾಡುವುದನ್ನೂ ತಡೆಯಬಹುದು. ಕೊನೆಯದು ಯಾವ ಸಂಬಂಧವೂ ಇಲ್ಲದ ಹೊರಗಿನ ಕಂಪನಿಗಳು. ಅಲ್ಲಿ ‘ಹಂಚುವುದಿಲ್ಲ’ ಅಂತ ಇದ್ದರೆ ಒಳ್ಳೆಯದು. ‘ಹಂಚುತ್ತೇವೆ’ ಅಂತ ಇದ್ದರೆ ಪಕ್ಕದಲ್ಲಿ ‘ತಡೆಯಬಹುದು’ ಅಂತ ಇರಲೇಬೇಕು. ಹೊಸ ಸದಸ್ಯರಾದರೆ ಕಾಗದ ಕಳಿಸಿದ ದಿನದಿಂದ 30 ದಿನ ಕಾದು ಆಮೇಲೆ ಹಂಚಲು ಶುರು ಮಾಡಬಹುದು. ನಿಮಗೆ ಕಾಗದ ಬಂದು ತಿಂಗಳಾಗುತ್ತಾ ಬಂತು. ಹಾಗಾಗಿ ಇವತ್ತೇ ಫೋನ್ ಮಾಡಿ. ನೀವಿರುವುದು ಕ್ಯಾಲಿಫೋರ್ನಿಯಾದಲ್ಲಿ, ಅದೊಂದು ಅನುಕೂಲ. ಅಲ್ಲಿ 2004ರ ಜುಲೈಯಿಂದ ಜಾರಿಯಲ್ಲಿರುವ ರಾಜ್ಯದ ಕಾನೂನಿನ ಪ್ರಕಾರ, ಸಂಬಂಧವಿಲ್ಲದ ಹೊರಗಿನವರಿಗೆ ನಿಮ್ಮ ವಿವರ ಕೊಡಬೇಕಾದರೆ ಮೊದಲು ನಿಮ್ಮ ಒಪ್ಪಿಗೆ ಪಡೆಯಬೇಕು. ನೀವು ಸುಮ್ಮನಿದ್ದರೆ ಅದು ಒಪ್ಪಿಗೆ ಅಲ್ಲ.

ಹಾಗಾದರೆ ಇನ್ಶೂರೆನ್ಸ್ ಪತ್ರ ಹೇಗೆ ಬಂತು? ಮೂರು ದಾರಿ ಇವೆ. ಒಂದು, ಮೇಲೆ ಹೇಳಿದ ಜಂಟಿ ಪ್ರಚಾರ. ಪತ್ರದಲ್ಲಿ ಕ್ರೆಡಿಟ್ ಯೂನಿಯನ್ನಿನ ಹೆಸರೂ ಇದ್ದರೆ ಇದೇ ಇರಬೇಕು. ಎರಡು, ಕ್ರೆಡಿಟ್ ಬ್ಯೂರೋಗಳು. ಅವು ಇಂತಿಂಥ ಲೆಕ್ಕಕ್ಕೆ ಹೊಂದುವ ಜನರ ಪಟ್ಟಿಯನ್ನು ಸಾಲ ಕೊಡುವವರಿಗೂ ಇನ್ಶೂರೆನ್ಸ್ ಕಂಪನಿಗಳಿಗೂ ಮಾರುತ್ತವೆ. ಅಂಥ ಪತ್ರದಲ್ಲಿ ‘ಇದು ಬೇಡವಾದರೆ ಹೀಗೆ ಮಾಡಿ’ ಅಂತ ಒಂದು ಚೌಕ ಇರುತ್ತದೆ. ಅದರಲ್ಲಿರುವ ನಂಬರಿಗೆ ಫೋನ್ ಮಾಡಿದರೆ 5 ವರ್ಷ ನಿಮ್ಮ ಹೆಸರು ಪಟ್ಟಿಗೆ ಸೇರುವುದಿಲ್ಲ. ಕಾಗದದಲ್ಲಿ ಬರೆದು ಕಳಿಸಿದರೆ ಶಾಶ್ವತವಾಗಿ ಸೇರುವುದಿಲ್ಲ. ಮೂರು, ಕಾರ್ ಡೀಲರ್. ನೀವು ಒಂದೇ ಅರ್ಜಿಗೆ ಸಹಿ ಹಾಕಿದಿರಿ, ಆದರೆ ಡೀಲರ್ ಅದನ್ನು ಕಂಪ್ಯೂಟರಿನಲ್ಲಿ ಹಲವು ಬ್ಯಾಂಕುಗಳಿಗೆ, ಕ್ರೆಡಿಟ್ ಯೂನಿಯನ್‌ಗಳಿಗೆ ಒಟ್ಟಿಗೆ ಕಳಿಸುವುದುಂಟು. ಯಾರು ಕಡಿಮೆ ಬಡ್ಡಿ ಹೇಳಿದರೋ ಅವರಿಗೆ ನೀವು ಸಿಕ್ಕಿರಿ. ಉಳಿದವರ ಬಳಿಯೂ ಅರ್ಜಿ ಉಳಿದಿದೆ. ಮುಂದಿನ ಸಲ ಕಾರು ಕೊಳ್ಳುವಾಗ ಮೊದಲೇ ಕ್ರೆಡಿಟ್ ಯೂನಿಯನ್ನಿಗೆ ಹೋಗಿ ಸಾಲ ಮಂಜೂರು ಮಾಡಿಸಿಕೊಂಡು, ಆಮೇಲೆ ಶೋರೂಮಿಗೆ ಹೋಗಿ.

ನನಗೆ ಜಾಸ್ತಿ ಆತಂಕ ಇರುವುದು ಇದರಲ್ಲಿ ಯಾವುದರ ಬಗ್ಗೆಯೂ ಅಲ್ಲ, ಕಳ್ಳತನದ ಬಗ್ಗೆ. ನಿಮ್ಮ ಪಕ್ಕದಲ್ಲೇ ನಡೆದದ್ದು ನೆನಪಿರಬಹುದು. ಕ್ಯಾಲಿಫೋರ್ನಿಯಾದ ಡಬ್ಲಿನ್ ಊರಿನ ಪಟೆಲ್ಕೊ ಕ್ರೆಡಿಟ್ ಯೂನಿಯನ್ ಮೇಲೆ 2024ರ ಜೂನ್ 29ರಂದು ರಾನ್ಸಮ್‌ವೇರ್ ದಾಳಿ (ಕಂಪ್ಯೂಟರ್‌ಗಳನ್ನು ಲಾಕ್ ಮಾಡಿ ದುಡ್ಡು ಕೇಳುವುದು) ಆಯಿತು. ಸುಮಾರು ಎರಡು ವಾರ ಆನ್‌ಲೈನ್ ಬ್ಯಾಂಕಿಂಗ್ ಇಲ್ಲ. ಬಾಡಿಗೆ ಕಟ್ಟುವ ತಿಂಗಳ ಮೊದಲ ವಾರ ಅದು, ಜನ ಪಟ್ಟ ಪಾಡು ಅಷ್ಟಿಷ್ಟಲ್ಲ. ಒಳನುಗ್ಗಿದವರು ಮೇ 23ರಿಂದಲೇ ಆ ಜಾಲದೊಳಗಿದ್ದರು ಅಂತ ತನಿಖೆಯಲ್ಲಿ ಗೊತ್ತಾಯಿತು. ಹೆಸರು, ಹುಟ್ಟಿದ ದಿನ, ಸೋಶಿಯಲ್ ಸೆಕ್ಯೂರಿಟಿ ನಂಬರ್, ಡ್ರೈವಿಂಗ್ ಲೈಸೆನ್ಸ್ ನಂಬರ್ ಇಂಥ ವಿವರಗಳು 7 ಲಕ್ಷಕ್ಕೂ ಹೆಚ್ಚು ಜನರದ್ದು ಹೋಯಿತು.

ಕೆಲವೊಮ್ಮೆ ಕ್ರೆಡಿಟ್ ಯೂನಿಯನ್ನಿನ ಬಾಗಿಲು ಭದ್ರವಾಗಿದ್ದರೂ ಅವರು ಕೆಲಸ ಕೊಟ್ಟ ಕಂಪನಿಯ ಬಾಗಿಲು ಸಡಿಲ ಇರುತ್ತದೆ. ಚಿಕ್ಕ ಕ್ರೆಡಿಟ್ ಯೂನಿಯನ್‌ಗಳು ಕಂಪ್ಯೂಟರ್ ಕೆಲಸವನ್ನೆಲ್ಲ ಹೊರಗಿನವರಿಗೆ ವಹಿಸುತ್ತವೆ. 2023ರ ಕೊನೆಗೆ ಅಂಥ ಒಂದೇ ಕಂಪನಿಯ ಮೇಲೆ ದಾಳಿಯಾದಾಗ ಸುಮಾರು 60 ಕ್ರೆಡಿಟ್ ಯೂನಿಯನ್‌ಗಳ ಕೆಲಸ ನಿಂತಿತು. ಇವುಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎನ್‌ಸಿಯುಎ. 2023ರ ಸೆಪ್ಟೆಂಬರ್ 1ರಿಂದ ಒಂದು ನಿಯಮ ಜಾರಿಯಲ್ಲಿದೆ: ದೊಡ್ಡ ಸೈಬರ್ ದಾಳಿ ಆಗಿದೆ ಅಂತ ಅನಿಸಿದ 72 ಗಂಟೆಯೊಳಗೆ ಕ್ರೆಡಿಟ್ ಯೂನಿಯನ್ ಈ ಸಂಸ್ಥೆಗೆ ತಿಳಿಸಬೇಕು. ಹಾಗೆ ಬಂದ ವರದಿಗಳಲ್ಲಿ 10ಕ್ಕೆ 7ರಷ್ಟು ಹೊರಗಿನ ಕಂಪನಿಗಳಿಗೆ ಸಂಬಂಧಪಟ್ಟವು. ಆದರೆ ಆ ಕಂಪನಿಗಳ ಒಳಗೆ ಹೋಗಿ ತಪಾಸಣೆ ಮಾಡುವ ಅಧಿಕಾರ ಎನ್‌ಸಿಯುಎಗೆ ಇಲ್ಲ. ವೈ2ಕೆ ಸಮಯದಲ್ಲಿ (2000ನೇ ಇಸವಿಗೆ ಕಂಪ್ಯೂಟರ್‌ಗಳು ಕೆಡುತ್ತವೆ ಅನ್ನುವ ಭಯವಿದ್ದಾಗ) ತಾತ್ಕಾಲಿಕವಾಗಿ ಕೊಟ್ಟಿದ್ದ ಅಧಿಕಾರ 2001ರ ಕೊನೆಗೆ ಮುಗಿದುಹೋಯಿತು. ಬ್ಯಾಂಕುಗಳ ತಪಾಸಕರಿಗೆ ಇರುವ ಹಕ್ಕು ಇವರಿಗಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರದ ವಿಷಯ. ವಾರ್ಷಿಕ ಸಭೆಗೆ ನೋಟಿಸ್ ಬಂದಾಗ ಹೋಗಿ. ‘ನಮ್ಮ ವಿವರ ಯಾವ ಯಾವ ಹೊರಗಿನ ಕಂಪನಿಯ ಹತ್ತಿರ ಇದೆ, ಅವರನ್ನು ಯಾರು ತಪಾಸಣೆ ಮಾಡುತ್ತಾರೆ’ ಅಂತ ಕೇಳಿ. ಬ್ಯಾಂಕಿನ ಗ್ರಾಹಕರಿಗೆ ಹೀಗೆ ಕೇಳುವ ಜಾಗವೇ ಇಲ್ಲ. ನೀವು ಮಾಲೀಕರಲ್ಲೊಬ್ಬರು, ಉತ್ತರ ಹೇಳಬೇಕಾದವರು ಎದುರಿಗೇ ಕೂತಿರುತ್ತಾರೆ.

ಒಂದು ಸಮಾಧಾನ. ದುಡ್ಡು ಬೇರೆ, ವಿವರ ಬೇರೆ. ಎನ್‌ಸಿಯುಎ ವಿಮೆ ಇರುವ ಕಡೆ ಒಬ್ಬರ ಠೇವಣಿಗೆ 2,50,000 ಡಾಲರ್‌ವರೆಗೆ ರಕ್ಷಣೆ ಇದೆ. ಆದರೆ ಅದು ಸಂಸ್ಥೆ ಮುಳುಗಿದರೆ ಸಿಗುವ ವಿಮೆ. ಕದ್ದುಹೋದ ನಂಬರಿಗೆ ವಿಮೆ ಇಲ್ಲ. ಅದನ್ನು ನೀವೇ ನೋಡಿಕೊಳ್ಳಬೇಕು.

ಅದಕ್ಕೆ ಇರುವ ದೊಡ್ಡ ಬೀಗದ ಹೆಸರು ಕ್ರೆಡಿಟ್ ಫ್ರೀಜ್. ಇಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಈ ಮೂರು ಕ್ರೆಡಿಟ್ ಬ್ಯೂರೋಗಳಲ್ಲೂ ಬೇರೆ ಬೇರೆಯಾಗಿ ಹಾಕಬೇಕು. 2018ರ ಸೆಪ್ಟೆಂಬರ್‌ನಿಂದ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಫ್ರೀಜ್ ಇದ್ದಾಗ ನಿಮ್ಮ ನಂಬರ್ ಇಟ್ಟುಕೊಂಡು ಬೇರೆಯವರು ಹೊಸ ಸಾಲ ತೆಗೆಯಲು ಹೋದರೆ, ಸಾಲ ಕೊಡುವವರಿಗೆ ನಿಮ್ಮ ವರದಿ ಕಾಣುವುದೇ ಇಲ್ಲ. ನಿಮಗೇ ಸಾಲ ಬೇಕಾದಾಗ ಆನ್‌ಲೈನಿನಲ್ಲೋ ಫೋನಿನಲ್ಲೋ ಹೇಳಿದರೆ ಒಂದು ಗಂಟೆಯೊಳಗೆ ತೆಗೆಯಬೇಕು ಅಂತ ಕಾನೂನಿದೆ. ಇಬ್ಬರೂ ಹಾಕಿ. ‘ಇನ್ನೊಬ್ಬರ ಹೆಸರಲ್ಲಿ ಮಾತ್ರ ಸಾಲ ಇದೆ, ನನಗ್ಯಾಕೆ’ ಅಂದುಕೊಳ್ಳಬೇಡಿ.

ಇನ್ನೊಂದು, ಫೋನ್ ಕರೆ. ಸಂಜೆ ಅಡುಗೆ ಮಾಡುವಾಗ ಫೋನ್ ಬರುತ್ತದೆ. ಪರದೆ ಮೇಲೆ ನಿಮ್ಮ ಕ್ರೆಡಿಟ್ ಯೂನಿಯನ್ನಿನ ಹೆಸರೇ ಇರುತ್ತದೆ, ಅದನ್ನು ನಕಲು ಮಾಡುವುದು ಕಷ್ಟವಲ್ಲ. ‘ನಿಮ್ಮ ಕಾರ್ಡಿನಲ್ಲಿ ಟೆಕ್ಸಾಸ್‌ನಲ್ಲಿ ಯಾರೋ 600 ಡಾಲರ್ ಖರ್ಚು ಮಾಡಿದ್ದಾರೆ, ನಿಲ್ಲಿಸಲೇ?’ ಅನ್ನುತ್ತಾರೆ. ನಿಮ್ಮ ವಿಳಾಸ, ಕಾರ್ಡಿನ ಕೊನೆಯ ನಾಲ್ಕು ಅಂಕಿ ಅವರೇ ಹೇಳುತ್ತಾರೆ, ನಂಬಿಕೆ ಬರಲಿ ಅಂತ. ಆಮೇಲೆ ಮೊಬೈಲಿಗೆ ಬಂದ ಆರು ಅಂಕಿಯ ಓಟಿಪಿ ಓದಿ ಹೇಳಿ ಅಂತಾರೆ. ಅಲ್ಲಿಗೆ ಫೋನ್ ಇಟ್ಟುಬಿಡಿ. ಕಾರ್ಡಿನ ಹಿಂದೆ ಇರುವ ನಂಬರಿಗೆ ನೀವೇ ಫೋನ್ ಮಾಡಿ. ಕದ್ದ ವಿವರ ಕೊನೆಗೆ ಬಳಕೆಯಾಗುವುದು ಹೀಗೆ. ನಿಮ್ಮ ಕ್ರೆಡಿಟ್ ಯೂನಿಯನ್ನಿಗೆ ಹೋದಾಗ ಖಾತೆಗೆ ಒಂದು ಬಾಯಿಮಾತಿನ ಪಾಸ್‌ವರ್ಡ್ ಹಾಕಿಸಲು ಆಗುತ್ತದೆಯೇ ಕೇಳಿ. ಬಹಳ ಕಡೆ ಆಗುತ್ತದೆ. ಆಗ ನಿಮ್ಮ ಹೆಸರಲ್ಲಿ ಬೇರೆ ಯಾರೋ ಫೋನ್ ಮಾಡಿದರೂ ಆ ಪದ ಗೊತ್ತಿಲ್ಲದೆ ಮುಂದೆ ಹೋಗಲಾರರು. ಅದಕ್ಕೊಂದು ಕನ್ನಡ ಪದ ಇಟ್ಟುಕೊಳ್ಳಿ, ನಿಮಗೆ ಮರೆಯುವುದಿಲ್ಲ, ಇನ್ನೊಬ್ಬರಿಗೆ ಊಹಿಸಲು ಬರುವುದಿಲ್ಲ.

ಈಗ ಕೊನೆಯ ಪ್ರಶ್ನೆ. ಖಾತೆ ಮುಚ್ಚಿದರೆ ವಿವರ ಅಳಿಸುತ್ತಾರಾ? ಇಲ್ಲ. ನಿಮ್ಮ ಹೆಸರು, ಹುಟ್ಟಿದ ದಿನ, ವಿಳಾಸ, ಗುರುತಿನ ನಂಬರ್ ಇವನ್ನು ಖಾತೆ ಮುಚ್ಚಿದ ಮೇಲೂ 5 ವರ್ಷ ಇಟ್ಟುಕೊಳ್ಳಬೇಕು ಅಂತ ಕಾನೂನೇ ಹೇಳುತ್ತದೆ. ಅದು ಕಡಿಮೆ ಅಂದರೆ ಇಷ್ಟು. ಅದಕ್ಕಿಂತ ಜಾಸ್ತಿ ಇಟ್ಟುಕೊಳ್ಳುವವರೂ ಇದ್ದಾರೆ. ಆ ಅಭ್ಯಾಸದ ಬೆಲೆ ಏನು ಅನ್ನುವುದು ಕೆನಡಾದ ಡೆಜಾರ್ಡಿನ್ಸ್ ಪ್ರಕರಣದಲ್ಲಿ ಕಂಡಿತು. ಕ್ವಿಬೆಕ್ಕಿನ ಬಹಳ ದೊಡ್ಡ ಸಹಕಾರಿ ಸಂಸ್ಥೆ ಅದು, 1900ರಲ್ಲಿ ಶುರುವಾದದ್ದು. ಅಲ್ಲಿ ಹ್ಯಾಕರ್ ಯಾರೂ ನುಗ್ಗಲಿಲ್ಲ. ಮಾರ್ಕೆಟಿಂಗ್ ವಿಭಾಗದ ಒಬ್ಬ ನೌಕರ ಕನಿಷ್ಠ 26 ತಿಂಗಳ ಕಾಲ ಮಾಹಿತಿ ಹೊರಗೆ ಸಾಗಿಸಿದ. ಜೊತೆಯವರು ತಮ್ಮ ಕೆಲಸಕ್ಕಾಗಿ ಎಲ್ಲರಿಗೂ ಸಿಗುವ ಫೋಲ್ಡರಿನಲ್ಲಿ ಹಾಕಿಟ್ಟಿದ್ದ ವಿವರವನ್ನೇ ಆತ ಯುಎಸ್‌ಬಿ ಕಡ್ಡಿಗೆ ಇಳಿಸಿಕೊಂಡ. 2019ರಲ್ಲಿ ಸುದ್ದಿ ಹೊರಬಂತು. ಸುಮಾರು 97 ಲಕ್ಷ ಜನರ ವಿವರ ಹೋಗಿತ್ತು. ಅದರಲ್ಲಿ ಎಂದೋ ಸಂಬಂಧ ಕಡಿದುಕೊಂಡು ಹೋದವರೂ ಇದ್ದರು. ಹಳೆಯ ವಿವರವನ್ನು ಯಾವಾಗ ನಾಶ ಮಾಡಬೇಕು ಅನ್ನುವ ಪದ್ಧತಿಯೇ ಅಲ್ಲಿ ಸರಿಯಿರಲಿಲ್ಲ ಅಂತ ಕೆನಡಾದ ಪ್ರೈವಸಿ ಕಮಿಷನರ್ 2020ರ ವರದಿಯಲ್ಲಿ ಹೇಳಿದರು.

ನಿಮ್ಮ ಕಾಗದದ ಮೊದಲ ಪುಟದಲ್ಲೂ ಒಂದು ವಾಕ್ಯ ಇರುತ್ತದೆ, ಹುಡುಕಿ. ನೀವು ಸದಸ್ಯರಾಗಿ ಉಳಿಯದಿದ್ದರೂ ಈ ನೋಟಿಸಿನಲ್ಲಿ ಹೇಳಿದ ಹಾಗೆ ಮಾಹಿತಿ ಹಂಚುವುದು ಮುಂದುವರಿಯುತ್ತದೆ ಅಂತ. ಅದಕ್ಕೇ ಹೊರಡುವ ಮುಂಚೆ ತಡೆಯುವ ಫೋನ್ ಮಾಡಿ ಅನ್ನುವುದು. ಹೊರಗಿನ ಕಂಪನಿಗಳಿಗೆ ಹಂಚುವುದನ್ನು ಒಮ್ಮೆ ತಡೆದರೆ ನೀವಾಗಿ ವಾಪಸ್ ತೆಗೆಯುವ ತನಕ ಅದು ಇರುತ್ತದೆ. ಮುಚ್ಚುವ ದಿನ ‘ನಮ್ಮ ಪಾಸ್‌ಪೋರ್ಟ್ ನಕಲು, ಪೇ ಸ್ಲಿಪ್ ಎಷ್ಟು ವರ್ಷ ಇಡುತ್ತೀರಿ’ ಅಂತ ಬರವಣಿಗೆಯಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಮೂರು ಬ್ಯೂರೋಗಳ ಫ್ರೀಜ್ ಹಾಗೇ ಇರಲಿ, ಬೆಂಗಳೂರಿಗೋ ಹುಬ್ಬಳ್ಳಿಗೋ ಹೋದ ಮೇಲೂ. ಬ್ಯೂರೋಗಳ ಲಾಗಿನ್ ಅಮೆರಿಕದ ಮೊಬೈಲ್ ನಂಬರಿಗೆ ಜೋಡಿಸಿದ್ದರೆ, ಆ ಸಿಮ್ ಬಿಡುವ ಮೊದಲು ಇಮೇಲ್‌ಗೆ ಬದಲಿಸಿ. ವಿಳಾಸವನ್ನೂ ಬದಲಿಸಿ. ತೆರಿಗೆ ಸಮಯದಲ್ಲಿ ಕ್ರೆಡಿಟ್ ಯೂನಿಯನ್ ಕಳಿಸುವ ಬಡ್ಡಿಯ ಕಾಗದ ಜನವರಿ ಕೊನೆಯ ಹೊತ್ತಿಗೆ ಬರುತ್ತದೆ, ಆ ಹೊತ್ತಿಗೆ ನೀವು ಹೋಗಿಬಿಟ್ಟಿರಬಹುದು. ನಿಮ್ಮ ಹೆಸರಿರುವ ಆ ಲಕೋಟೆ ಫ್ರೀಮಾಂಟ್ ಅಪಾರ್ಟ್‌ಮೆಂಟಿನ ಹಳೆಯ ಡಬ್ಬಿಗೆ ಬೀಳಬಾರದು.